ಆ್ಯಪ್ ಚೆನ್ನಾಗಿತ್ತು, ಲಾಭವೂ ಏರಿತ್ತು, ಷೇರು ಯಾಕೆ ಇಳಿಯಿತು? ಉಡುಪಿಯ ಒಂದು ಪ್ರಕರಣ

ನಾನು ಮಂಗಳೂರಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಇಪ್ಪತ್ತು ವರ್ಷಗಳಿಂದ, ಮಾರ್ಚ್ ಮುಗಿಯುತ್ತಿದ್ದಂತೆ ಬ್ಯಾಂಕ್ ಶಾಖೆಗಳ ಆಡಿಟ್‌ಗೆ ಹೋಗುತ್ತಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಡುಪಿಯ ಒಂದು ಮನೆಯಲ್ಲಿ ನಡೆದದ್ದು. ಮನೆಯವರು ಒಪ್ಪಿದ ಮೇಲೆಯೇ ಬರೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಾಯಿಸಿದ್ದೇನೆ. ಅವರು ಕೊಂಡ ಷೇರಿನ ಬೆಲೆ ಮತ್ತು ಆ ಬ್ಯಾಂಕಿನ ಲೆಕ್ಕದ ಅಂಕಿಗಳನ್ನು ಅಲ್ಪಸ್ವಲ್ಪ ಆಚೀಚೆ ಮಾಡಿದ್ದೇನೆ, ಆದರೆ ಒಂದಕ್ಕೊಂದು ಹೊಂದುವ ಹಾಗೇ ಇಟ್ಟಿದ್ದೇನೆ. ಆ ಬ್ಯಾಂಕ್ ನಮ್ಮ ಕರಾವಳಿಯಲ್ಲಿ ಹುಟ್ಟಿದ್ದಲ್ಲ, ಅಷ್ಟು ಮಾತ್ರ ಹೇಳುತ್ತೇನೆ. ಮನೆಯ ಹಿರಿಯರನ್ನು 'ಟೀಚರ್' ಎಂದೂ, ಅವರ ಅಕ್ಕನ ಮಗನನ್ನು 'ಹುಡುಗ' ಎಂದೂ ಕರೆಯುತ್ತೇನೆ. ಇದರಿಂದ ಯಾವ ಷೇರು ಕೊಳ್ಳಬೇಕು ಅಂತ ಗೊತ್ತಾಗುವುದಿಲ್ಲ. ಬ್ಯಾಂಕಿನ ಲೆಕ್ಕ ಓದುವಾಗ ಎಲ್ಲಿ ನಿಂತು ನೋಡಬೇಕು ಅಂತ ಗೊತ್ತಾದರೆ ಬರೆದದ್ದಕ್ಕೆ ಸಾರ್ಥಕ.

ಹಿನ್ನೆಲೆ

ಟೀಚರ್ 2021ರಲ್ಲಿ ಶಾಲೆಯಿಂದ ನಿವೃತ್ತರಾದರು. ಅವರ ತಂದೆ ಪಿಗ್ಮಿ ಏಜೆಂಟ್ ಆಗಿದ್ದವರು. ಪಿಗ್ಮಿ ಎಂದರೆ ಏನು ಅಂತ ಈ ಕಡೆಯವರಿಗೆ ವಿವರಿಸಬೇಕಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟ್ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಬ್ಯಾಂಕಿನದ್ದೇ ಮಾತು. ನಮ್ಮ ಎರಡು ಜಿಲ್ಲೆಯೇ ಹಾಗೆ, ಅಲ್ವಾ? 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಆ ಐದರಲ್ಲಿ ಇವತ್ತು ಪ್ರಧಾನ ಕಚೇರಿಯನ್ನು ಮಂಗಳೂರಿನಲ್ಲೇ ಇಟ್ಟುಕೊಂಡಿರುವುದು ಕರ್ಣಾಟಕ ಬ್ಯಾಂಕ್ ಒಂದೇ.

ತಂದೆ ಬಿಟ್ಟುಹೋದದ್ದರಲ್ಲಿ ಸಿಂಡಿಕೇಟಿನ 500 ಷೇರು ಇದ್ದವು. ವಿಲೀನದಲ್ಲಿ 1000 ಸಿಂಡಿಕೇಟ್ ಷೇರಿಗೆ ಕೆನರಾದ 158 ಷೇರು ಕೊಟ್ಟರು. ಹಾಗಾಗಿ 500 ಹೋಗಿ 79 ಆಯಿತು. 'ಅಪ್ಪನ ಷೇರು ಕರಗಿ ಹೋಯಿತು' ಅಂತ ಟೀಚರ್‌ಗೆ ತುಂಬ ಬೇಜಾರಾಗಿತ್ತು. ಈ 79 ಷೇರನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಮಾತು ಬರುತ್ತದೆ.

ನಿವೃತ್ತಿಯ ಹಣದ ಹೆಚ್ಚಿನ ಭಾಗ ಎಫ್‌ಡಿಯಲ್ಲಿತ್ತು. 2023ರ ಜುಲೈಯಲ್ಲಿ ಅದರಿಂದ 6 ಲಕ್ಷ ತೆಗೆದು ಒಂದು ಮಧ್ಯಮ ಗಾತ್ರದ ಖಾಸಗಿ ಬ್ಯಾಂಕಿನ ಷೇರು ಕೊಂಡರು. 240 ರೂಪಾಯಿಯಂತೆ 2500 ಷೇರು. ಕೊಡಿಸಿದ್ದು ಹುಡುಗ. ಅವನು ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಚಿಕ್ಕಮ್ಮನ ಮೇಲೆ ತುಂಬ ಪ್ರೀತಿ ಇರುವ ಹುಡುಗ. ಸುಮ್ನೆ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದದ್ದಲ್ಲ, ಎರಡು ವಾರ ಕೂತು ಓದಿದ್ದ.

"ಚಿಕ್ಕಮ್ಮ, ಇವರ ಆ್ಯಪ್ ಎಷ್ಟು ಚಂದ ಉಂಟು ನೋಡಿ. ನೂರು ವ್ಯವಹಾರದಲ್ಲಿ 88 ಶಾಖೆಗೆ ಹೋಗದೇ ಆಗ್ತದೆ. ಎರಡು ನಿಮಿಷದಲ್ಲಿ ಸಾಲ ಮಂಜೂರು. ಲಾಭ ಒಂದೇ ವರ್ಷದಲ್ಲಿ ಮೂರು ಪಟ್ಟು ಆಗಿದೆ. ಇನ್ನು ಷೇರು ಏರದೇ ಇರ್ತದಾ?"

ಮೂರು ಮಾತೂ ನಿಜವೇ ಆಗಿತ್ತು. ಆ್ಯಪ್ ನಿಜವಾಗಿಯೂ ಚೆನ್ನಾಗಿತ್ತು. ಲಾಭವೂ ಏರಿತ್ತು. ತಪ್ಪಿದ್ದು ಆ ಎರಡನ್ನು ಕಟ್ಟಿದ ಗಂಟಿನಲ್ಲಿ.

ಇಲ್ಲಿ ನನ್ನ ಪಾಲೂ ಇದೆ, ಅದನ್ನು ಹೇಳಿಬಿಡಬೇಕು. ಕೊಳ್ಳುವ ವಾರ ಟೀಚರ್ ನನಗೆ ಫೋನ್ ಮಾಡಿ "ಆ ಬ್ಯಾಂಕ್ ಹೇಗುಂಟು?" ಎಂದು ಕೇಳಿದ್ದರು. ನಾನು ಒಂದು ಮದುವೆ ಹಾಲ್‌ನಲ್ಲಿದ್ದೆ. "ಒಳ್ಳೆಯ ಬ್ಯಾಂಕೇ" ಅಂದುಬಿಟ್ಟೆ. ಬ್ಯಾಂಕ್ ಒಳ್ಳೆಯದಾ ಅನ್ನುವುದು ಒಂದು ಪ್ರಶ್ನೆ, ಈ ಬೆಲೆಗೆ ಅದರ ಷೇರು ಒಳ್ಳೆಯದಾ ಅನ್ನುವುದು ಬೇರೆ ಪ್ರಶ್ನೆ. ಅವರು ಎರಡನೆಯದನ್ನು ಕೇಳಿದ್ದರು, ನಾನು ಮೊದಲನೆಯದಕ್ಕೆ ಉತ್ತರ ಕೊಟ್ಟೆ. ಲೆಕ್ಕ ತೆರೆದು ನೋಡದೆ ಹಾಗೆ ಹೇಳಬಾರದಿತ್ತು.

ಸಮಸ್ಯೆ ಎದುರಾದದ್ದು

ಮೊದಲ ಕೆಲವು ತಿಂಗಳು ಷೇರು ಸ್ವಲ್ಪ ಏರಿತು. ಆಮೇಲೆ ನಿಂತಿತು, ನಿಧಾನವಾಗಿ ಇಳಿಯತೊಡಗಿತು. 2024ರ ಏಪ್ರಿಲ್ 24ರಂದು ಆರ್‌ಬಿಐ ಕೋಟಕ್ ಮಹೀಂದ್ರಾ ಬ್ಯಾಂಕಿಗೆ ಒಂದು ಆದೇಶ ಕೊಟ್ಟಿತು. ಆನ್‌ಲೈನ್ ಮತ್ತು ಮೊಬೈಲ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಬಾರದು, ಹೊಸ ಕ್ರೆಡಿಟ್ ಕಾರ್ಡ್ ಕೊಡಬಾರದು ಅಂತ. ಐಟಿ ವ್ಯವಸ್ಥೆಯಲ್ಲಿ ಕೊರತೆ ಇದೆ ಎಂಬುದು ಕಾರಣ. ಮರುದಿನ ಒಂದೇ ದಿನದಲ್ಲಿ ಕೋಟಕ್ ಷೇರು ಶೇಕಡ 10ಕ್ಕಿಂತ ಜಾಸ್ತಿ ಬಿತ್ತು.

ಟೀಚರ್ ಕೈಯಲ್ಲಿದ್ದದ್ದು ಕೋಟಕ್ ಅಲ್ಲ. ಆದರೂ ಹೆದರಿದರು. ಆಗ ಅವರ ಷೇರಿನ ಬೆಲೆ 210. ಹುಡುಗನ ಯೋಚನೆ ಬೇರೆಯೇ ಇತ್ತು. "ಕೋಟಕ್‌ಗೆ ಆದದ್ದು ನಮ್ಮ ಬ್ಯಾಂಕಿಗೆ ಆಗುವುದಿಲ್ಲ, ಇವರ ಸಿಸ್ಟಮ್ ಗಟ್ಟಿ ಉಂಟು. ಈಗಲೇ ಇನ್ನೂ 3 ಲಕ್ಷದ್ದು ಕೊಂಡರೆ ಸರಾಸರಿ ಬೆಲೆ ಇಳೀತದೆ" ಅಂದ. ಒಂದು ಎಫ್‌ಡಿ ಮುರಿಯುವ ಮಾತೂ ಆಯಿತು. ಆಗ ಟೀಚರ್ ನನಗೆ ಎರಡನೇ ಸಲ ಫೋನ್ ಮಾಡಿದರು. ಈ ಸಲ ನಾನು ಉತ್ತರ ಹೇಳಲಿಲ್ಲ. "ಎಫ್‌ಡಿ ಮುರಿಯಬೇಡಿ. ಭಾನುವಾರ ಬರ್ತೇನೆ. ಆ ಬ್ಯಾಂಕಿನ ಎರಡು ವರ್ಷದ ವಾರ್ಷಿಕ ವರದಿ ಪ್ರಿಂಟ್ ತೆಗೆದಿಡಿ" ಎಂದೆ.

ಮಾಡಿ ನೋಡಿದ್ದು

ಉಡುಪಿಯ ಅವರ ಮನೆಯ ಜಗಲಿಯಲ್ಲಿ ಕೂತೆವು. ಹುಡುಗ ಲ್ಯಾಪ್‌ಟಾಪ್ ತೆರೆದ. ಟೀಚರ್ ಒಂದು ಹಳೆಯ ಎರಡು ಗೆರೆಯ ಪುಸ್ತಕ ತಂದರು. ಕೊನೆಗೆ ಉಪಯೋಗಕ್ಕೆ ಬಂದದ್ದು ಆ ಪುಸ್ತಕವೇ.

ಬ್ಯಾಂಕಿನ ಲೆಕ್ಕ ಹೊರಗಿನಿಂದ ನೋಡಿದರೆ ಭಯ ಹುಟ್ಟಿಸುತ್ತದೆ. ಆದರೆ ಎಲ್ಲ ಬ್ಯಾಂಕುಗಳೂ ಒಂದೇ ನಮೂನೆಯಲ್ಲಿ ಕೊಡಬೇಕು, ಅದೊಂದು ದೊಡ್ಡ ಅನುಕೂಲ. ಲಾಭನಷ್ಟಕ್ಕೆ ನಾಲ್ಕು ಅನುಸೂಚಿ ನೋಡಿದರೆ ಸಾಕು. 13ರಲ್ಲಿ ಬಂದ ಬಡ್ಡಿ, 14ರಲ್ಲಿ ಇತರ ಆದಾಯ, 15ರಲ್ಲಿ ಕೊಟ್ಟ ಬಡ್ಡಿ, 16ರಲ್ಲಿ ನಡೆಸುವ ಖರ್ಚು. ಇವುಗಳ ಆಚೆ ಸಾಲ ಮುಳುಗಬಹುದೆಂದು ತೆಗೆದಿಡುವ ಪ್ರಾವಿಷನ್, ಆಮೇಲೆ ತೆರಿಗೆ. ಕೋಟಿಗಳನ್ನು ಬದಿಗಿಟ್ಟು, ಬ್ಯಾಂಕಿನ ಒಟ್ಟು ಆಸ್ತಿ 100 ರೂಪಾಯಿ ಅಂದುಕೊಂಡರೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿದೆವು.

2022ರ ಮಾರ್ಚ್‌ಗೆ ಮುಗಿದ ವರ್ಷ: ಬಡ್ಡಿಯಿಂದ ಉಳಿದದ್ದು 3.30, ಇತರ ಆದಾಯ 1.10, ಖರ್ಚು 2.40. ಉಳಿದದ್ದು 2 ರೂಪಾಯಿ. ಪ್ರಾವಿಷನ್ 1.50 ಕಳೆದರೆ 50 ಪೈಸೆ, ತೆರಿಗೆ ಕಳೆದು ಸುಮಾರು 37 ಪೈಸೆ.

2023ರ ಮಾರ್ಚ್‌ಗೆ ಮುಗಿದ ವರ್ಷ: ಬಡ್ಡಿಯಿಂದ 3.60, ಇತರ ಆದಾಯ 1.00, ಖರ್ಚು 2.60. ಉಳಿದದ್ದು ಮತ್ತೆ 2 ರೂಪಾಯಿ. ಪ್ರಾವಿಷನ್ ಬರೀ 60 ಪೈಸೆ. ತೆರಿಗೆ ಕಳೆದು 1 ರೂಪಾಯಿ 5 ಪೈಸೆ.

ಟೀಚರ್ ಪೆನ್ಸಿಲ್ ಕೆಳಗಿಟ್ಟರು. "ಹಾಗಾದರೆ ಎರಡೂ ವರ್ಷ ದುಡಿದದ್ದು ಎರಡೆರಡೇ ರೂಪಾಯಿ!" ಎಂದರು. ಅದೇ ಮಾತು. ಈ ಪ್ರಕರಣ ತಿರುಗಿದ್ದು ಅಲ್ಲಿ. 37 ಪೈಸೆ ಹೋಗಿ 105 ಪೈಸೆ ಆದದ್ದು ಬ್ಯಾಂಕ್ ಜಾಸ್ತಿ ದುಡಿದಿದ್ದರಿಂದ ಅಲ್ಲ, ಮುಳುಗುವ ಸಾಲಕ್ಕೆ ತೆಗೆದಿಡುವುದು ಕಡಿಮೆಯಾದದ್ದರಿಂದ. ಕೋವಿಡ್ ಕಾಲದಲ್ಲಿ ಎತ್ತಿಟ್ಟ ಹಣದಷ್ಟು ಮತ್ತೆ ಎತ್ತಿಡಬೇಕಾಗಿರಲಿಲ್ಲ. ಇದು ಆ ಒಂದು ಬ್ಯಾಂಕಿನ ಕಥೆ ಮಾತ್ರವೂ ಅಲ್ಲ. 2018ರ ಮಾರ್ಚ್‌ನಲ್ಲಿ ದೇಶದ ಬ್ಯಾಂಕುಗಳ ಒಟ್ಟು ಎನ್‌ಪಿಎ, ಅಂದರೆ ಕಂತು ಬಾರದೆ ನಿಂತ ಸಾಲ, ಕೊಟ್ಟ ಸಾಲದ ಶೇಕಡ 11ಕ್ಕಿಂತ ಮೇಲಿತ್ತು. 2024ರ ಮಾರ್ಚ್ ಹೊತ್ತಿಗೆ ಅದು ಶೇಕಡ 2.8ಕ್ಕೆ ಇಳಿದಿತ್ತು. ಆ್ಯಪ್ ಇದ್ದವರಿಗೂ ಇಲ್ಲದವರಿಗೂ ಈ ಗಾಳಿ ಬೀಸಿತ್ತು.

ಬಡ್ಡಿಯ 30 ಪೈಸೆ ಏರಿಕೆಗೂ ಬೇರೆ ಕಾರಣ ಇತ್ತು. 2022ರ ಮೇಯಿಂದ 2023ರ ಫೆಬ್ರುವರಿ ಒಳಗೆ ಆರ್‌ಬಿಐ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, 4ರಿಂದ 6.5ಕ್ಕೆ ಏರಿಸಿತು. 2019ರ ಅಕ್ಟೋಬರ್‌ನಿಂದ ಬದಲಾಗುವ ಬಡ್ಡಿಯ ಹೊಸ ಮನೆಸಾಲಗಳ ದರ ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿರುತ್ತದೆ. ರೆಪೊ ಏರಿದರೆ ಸಾಲದ ಬಡ್ಡಿ ಮೂರು ತಿಂಗಳೊಳಗೆ ಏರುತ್ತದೆ. ಎಫ್‌ಡಿ ಹಾಗಲ್ಲ, ಅವಧಿ ಮುಗಿದು ನವೀಕರಣ ಆದಾಗಲೇ ಹೊಸ ಬಡ್ಡಿ. ಈ ನಡುವಿನ ಕಾಲದಲ್ಲಿ ಬ್ಯಾಂಕಿಗೆ ಸುಮ್ಮನೆ ಲಾಭ. ಎಫ್‌ಡಿಗಳು ನವೀಕರಣ ಆಗುತ್ತಾ ಬಂದ ಹಾಗೆ ಅದು ಕರಗುತ್ತದೆ.

ಹುಡುಗ ಸುಮ್ಮನೆ ಒಪ್ಪಲಿಲ್ಲ, ಅದು ನನಗೆ ಇಷ್ಟವಾಯಿತು. "ಡಿಜಿಟಲ್ ಆದ್ದರಿಂದಲೇ ಸಾಲ ಮುಳುಗುವುದು ಕಡಿಮೆ ಆಗಿರಬಹುದಲ್ಲ?" ಅಂದ. ಕೇಳಬೇಕಾದ ಪ್ರಶ್ನೆ ಅದು. ಡಿಜಿಟಲ್ ಆಗುವುದು ಲಾಭಕ್ಕೆ ತಲುಪಬೇಕಾದರೆ ಮೂರು ದಾರಿ ಇದೆ ಎಂದು ನಾನು ಹೇಳಿದೆ. ಅಗ್ಗದ ಠೇವಣಿ ಜಾಸ್ತಿ ಬರಬೇಕು, ಇಲ್ಲವೇ ನಡೆಸುವ ಖರ್ಚು ಇಳಿಯಬೇಕು, ಇಲ್ಲವೇ ಸಾಲ ಕೊಡುವಾಗ ಮನುಷ್ಯ ನೋಡುವುದಕ್ಕಿಂತ ಚೆನ್ನಾಗಿ ಸಾಲಗಾರನನ್ನು ಅಳೆಯಬೇಕು. ಮೂರರಲ್ಲಿ ಒಂದಾದರೂ ಲೆಕ್ಕದಲ್ಲಿ ಕಾಣಬೇಕು. ನಿಮ್ಮ ಅಜ್ಜ ಪಿಗ್ಮಿ ಚೀಲ ಹಿಡಿದು ತಿರುಗುತ್ತಿದ್ದಾಗ ಬ್ಯಾಂಕಿಗೆ ಬರುತ್ತಿದ್ದದ್ದು ಮೊದಲನೆಯದು, ಬೇರೆ ಯಾರೂ ಮುಟ್ಟದ ಮನೆಗಳ ಚಿಲ್ಲರೆ ಹಣ. ಇವರ ಆ್ಯಪ್‌ನಿಂದ ಬಂದದ್ದು ಏನು, ನೋಡೋಣ.

ಖರ್ಚು ಸುಲಭ, ಅದು ಪುಟದ ಮೇಲೇ ಇದೆ. ಗಳಿಸಿದ ಪ್ರತಿ 100 ರೂಪಾಯಿಯಲ್ಲಿ ನಡೆಸಲಿಕ್ಕೆ ಹೋದದ್ದು ಎಷ್ಟು? ಮೊದಲ ವರ್ಷ 4.40ರಲ್ಲಿ 2.40, ಅಂದರೆ ಸುಮಾರು 55. ಎರಡನೇ ವರ್ಷ 4.60ರಲ್ಲಿ 2.60, ಸುಮಾರು 57. ಅದೇ ಸಮಯದಲ್ಲಿ ಶಾಖೆಯ ಹೊರಗೆ ಆಗುವ ವ್ಯವಹಾರ 81ರಿಂದ 88ಕ್ಕೆ ಏರಿತ್ತು. ಆ್ಯಪ್ ಬಂದರೆ ಖರ್ಚು ಇಳಿಯಬೇಕಿತ್ತು, ಇಲ್ಲಿ ಏರಿದೆ.

ಯಾಕೆ ಎಂದು ನೋಡಲು ಅನುಸೂಚಿ 16ರ ಒಳಗೆ ಹೋದೆವು. ಅದರಲ್ಲಿ ಹನ್ನೆರಡು ಸಾಲು. ಮೊದಲನೆಯದು ನೌಕರರ ಸಂಬಳ, ಎರಡನೆಯದು ಬಾಡಿಗೆ, ಕರೆಂಟು. ಇವೆರಡೂ ಇಳಿದಿರಲಿಲ್ಲ. ಶಾಖೆಗಳು ಹಾಗೇ ಇದ್ದವು, ಒಂದೂ ಮುಚ್ಚಿರಲಿಲ್ಲ. ಹನ್ನೊಂದನೆಯದು ವಿಮೆ, ಅದರ ಮುಖ್ಯ ಭಾಗ ಠೇವಣಿ ವಿಮೆಯ ಪ್ರೀಮಿಯಂ. ಹನ್ನೆರಡನೆಯದು 'ಇತರ ಖರ್ಚು'. ಟೀಚರ್ ಆ ಸಾಲಿನ ಮೇಲೆ ಬೆರಳಿಟ್ಟು "ಇದೇ ಎಲ್ಲಕ್ಕಿಂತ ಜೋರು ಬೆಳೆದದ್ದು" ಅಂದರು. ಸಾಫ್ಟ್‌ವೇರ್ ಕಂಪನಿಗೆ ಕೊಡುವ ಶುಲ್ಕ, ಹೊರಗುತ್ತಿಗೆಯವರ ಬಿಲ್ಲು, ಸಾಲ ತಂದುಕೊಟ್ಟವರ ಕಮಿಷನ್, ಹೆಚ್ಚಾಗಿ ಇವೆಲ್ಲ ಬಂದು ಸೇರುವುದು ಅಲ್ಲಿ. ಈ ಬ್ಯಾಂಕ್ ಎರಡು ಮನೆ ನಡೆಸುತ್ತಿತ್ತು, ಹಳೆಯದನ್ನು ಬಿಟ್ಟಿರಲಿಲ್ಲ, ಹೊಸದಕ್ಕೆ ಬಾಡಿಗೆ ಕೊಡುತ್ತಿತ್ತು. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ಬದಲಾವಣೆಯ ಮೊದಲ ವರ್ಷಗಳಲ್ಲಿ ಯಾವ ಬ್ಯಾಂಕಿಗೂ ಹಾಗೆಯೇ ಆಗುತ್ತದೆ. ಆದರೆ ಷೇರಿಗೆ 240 ಕೊಟ್ಟವರು ಆ ಉಳಿತಾಯ ಆಗಲೇ ಕೈಗೆ ಬಂದಿದೆ ಎಂದುಕೊಂಡು ಕೊಟ್ಟಿದ್ದರು.

ಅವತ್ತಿನ ತೀರ್ಮಾನ ಇಷ್ಟೇ: ಮಾರುವುದೂ ಬೇಡ, ಹೊಸದಾಗಿ ಕೊಳ್ಳುವುದೂ ಬೇಡ. 2024ರ ವಾರ್ಷಿಕ ವರದಿ ಬರುವ ತನಕ ಕಾಯುವುದು. ಎಫ್‌ಡಿ ಉಳಿಯಿತು.

ಮೀನು ಮಾರ್ಕೆಟ್ಟಿನ ಪೆಟ್ಟಿಗೆ

ನಡುವೆ ಟೀಚರ್ ತಾವೇ ಮಾಡಿದ ಒಂದು ಪರೀಕ್ಷೆಯನ್ನು ಹೇಳಲೇಬೇಕು. ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಆಗಸ್ಟ್‌ನಲ್ಲಿ ಮತ್ತೆ ಶುರುವಾದ ಮೇಲೆ ಟೀಚರ್ ಬಂಗುಡೆ ತರಲು ಹೋಗಿದ್ದರು. ಮೀನು ಮಾರುವವರ ಬುಟ್ಟಿಯ ಪಕ್ಕ ಕ್ಯೂಆರ್ ಬೋರ್ಡು, ಅದರ ಹತ್ತಿರ ದುಡ್ಡು ಬಂದದ್ದನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ. ಮಳೆ ನೀರು ತಾಗಬಾರದೆಂದು ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಟೀಚರ್ ತಮ್ಮ ಷೇರು ಇರುವ ಬ್ಯಾಂಕಿನ ಆ್ಯಪ್‌ನಿಂದಲೇ 200 ರೂಪಾಯಿ ಕೊಟ್ಟರು. ಪೆಟ್ಟಿಗೆ ಕೂಗಿತು. ಆಮೇಲೆ ಕೇಳಿದರು, "ಈ ದುಡ್ಡು ಯಾವ ಬ್ಯಾಂಕಿಗೆ ಹೋಗ್ತದೆ?"

ಮೀನು ಮಾರುವಾಕೆ ಹೇಳಿದ್ದನ್ನು ಟೀಚರ್ ಮನೆಗೆ ಬಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಪೆಟ್ಟಿಗೆ ಒಂದು ಕಂಪನಿಯದ್ದು, ಅದಕ್ಕೆ ತಿಂಗಳ ಬಾಡಿಗೆ ಕೊಡುತ್ತಾರೆ. ಖಾತೆ ಇರುವುದು ಇನ್ನೊಂದು ಬ್ಯಾಂಕಿನಲ್ಲಿ, ಸ್ತ್ರೀಶಕ್ತಿ ಸಂಘದ ಸಾಲ ಅಲ್ಲಿ ಇರುವುದರಿಂದ. ಸಂಜೆ ತನಕ ಬಂದ ದುಡ್ಡು ಮರುದಿನ ಬೆಳಿಗ್ಗೆ ಬಂದರಿನ ಏಲಂನಲ್ಲಿ ಖಾಲಿ. "ಖಾತೆಯಲ್ಲಿ ನಿಲ್ಲುವುದು ಎಲ್ಲಿ ಟೀಚರೇ, ಒಂದು ರಾತ್ರಿ ಮಲಗಿ ಹೋಗ್ತದೆ ಅಷ್ಟೆ."

ಈ ಒಂದು ವ್ಯವಹಾರದಲ್ಲಿ ಟೀಚರ್ ಷೇರು ಕೊಂಡ ಬ್ಯಾಂಕಿಗೆ ಬಂದದ್ದು ಏನು? ವ್ಯವಹಾರಗಳ ಎಣಿಕೆಯಲ್ಲಿ ಒಂದು ಸಂಖ್ಯೆ ಜಾಸ್ತಿಯಾಯಿತು. ವಾರ್ಷಿಕ ವರದಿಯ ಬಣ್ಣದ ಚಿತ್ರದಲ್ಲಿ ಡಿಜಿಟಲ್ ಪಾಲು ಒಂದು ಕೂದಲಷ್ಟು ಏರಿತು. ಖಾತೆಯಿಂದ 200 ರೂಪಾಯಿ ಹೊರಗೆ ಹೋಯಿತು. 2020ರ ಜನವರಿಯಿಂದ ಯುಪಿಐಗೆ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ಸಣ್ಣ ಮೊತ್ತದ ಪಾವತಿಗೆ ಸರಕಾರ ಪ್ರೋತ್ಸಾಹಧನ ಕೊಡುತ್ತದೆ ಹೌದು, ಆದರೆ ಸರ್ವರ್ ನಡೆಸುವ ಖರ್ಚು ಬ್ಯಾಂಕಿನದ್ದೇ. ಯುಪಿಐ ಜನರಿಗೆ ಮಾಡಿದ ಉಪಕಾರ ಬಹಳ ದೊಡ್ಡದು, ಆ ಮೀನು ಮಾರುವವರನ್ನು ಕೇಳಿದರೆ ಗೊತ್ತಾಗುತ್ತದೆ. ಜನರಿಗೆ ಉಪಕಾರ ಆದದ್ದೆಲ್ಲ ಷೇರುದಾರರಿಗೆ ಲಾಭ ಆಗಬೇಕೆಂದಿಲ್ಲ.

ಆ ಬ್ಯಾಂಕಿನ ಠೇವಣಿಯಲ್ಲಿ ಎಸ್‌ಬಿ ಮತ್ತು ಕರೆಂಟ್ ಖಾತೆಯ ಪಾಲು ನೋಡಿದಾಗ ಟೀಚರ್ ಕಂಡದ್ದು ಅಂಕಿಯಲ್ಲೂ ಕಂಡಿತು. ಎರಡು ವರ್ಷದಲ್ಲಿ ಅದು 34ರಿಂದ 31ಕ್ಕೆ ಇಳಿದಿತ್ತು. ಹಣ ಕಳಿಸುವುದು ಸುಲಭವಾದಷ್ಟೂ ಜನ ಅದನ್ನು ಎಸ್‌ಬಿಯಲ್ಲಿ ಬಿಡುವುದು ಕಡಿಮೆ. ಜಾಸ್ತಿ ಬಡ್ಡಿ ಎಲ್ಲಿದೆಯೋ ಅಲ್ಲಿಗೆ ಮನೆಯಲ್ಲೇ ಕೂತು ಕಳಿಸುತ್ತಾರೆ. ಅಗ್ಗದ ಠೇವಣಿಯ ದಾರಿಯೂ ತೆರೆದಿರಲಿಲ್ಲ.

ಆದದ್ದು

ಆಗಸ್ಟ್‌ನ ಎರಡನೇ ಭಾನುವಾರ ಮತ್ತೆ ಕೂತೆವು. 2024ರ ಲೆಕ್ಕ: ಬಡ್ಡಿಯಿಂದ 3.40, ಇತರ ಆದಾಯ 1.10, ಖರ್ಚು 2.70. ಉಳಿದದ್ದು 1.80. ಪ್ರಾವಿಷನ್ 60 ಪೈಸೆ, ತೆರಿಗೆ ಕಳೆದು 90 ಪೈಸೆ. ಗಳಿಸಿದ ನೂರರಲ್ಲಿ ಖರ್ಚು ಈಗ 60. ಡಿಜಿಟಲ್ ಪಾಲು 92.

ಉಳಿದದ್ದು ಮೂರನೇ ದಾರಿ, ಸಾಲದ್ದು. ಅಡಮಾನ ಇಲ್ಲದ, ಆ್ಯಪ್‌ನಲ್ಲಿ ಕೊಟ್ಟ ಸಾಲ ಒಂದು ವರ್ಷದಲ್ಲಿ ಒಂದೂವರೆ ಪಟ್ಟು ಮೀರಿ ಬೆಳೆದಿತ್ತು. ಇಲ್ಲಿ ಒಂದು ಮೋಸದ ಲೆಕ್ಕ ಇದೆ. ಯಾರೋ ಮೋಸ ಮಾಡಿದ್ದು ಅಂತಲ್ಲ, ಭಿನ್ನರಾಶಿಯ ಗುಣವೇ ಅದು. ಸಾಲ ಜೋರಾಗಿ ಬೆಳೆಯುವಾಗ ಹೊಸ ಸಾಲ ಯಾವುದೂ ಇನ್ನೂ ಸುಸ್ತಿ ಆಗಿರುವುದಿಲ್ಲ, ಕಂತು ತಪ್ಪಿ 90 ದಿನ ದಾಟಬೇಕಲ್ಲ. ಕೆಳಗಿನ ಅಂಕಿ, ಅಂದರೆ ಒಟ್ಟು ಸಾಲ, ಉಬ್ಬುತ್ತದೆ, ಎನ್‌ಪಿಎ ಶೇಕಡಾವಾರು ಚಿಕ್ಕದಾಗಿ ಕಾಣುತ್ತದೆ. ಬೆಳವಣಿಗೆ ನಿಂತ ವರ್ಷ ಗೊತ್ತಾಗುವುದು. ಆರ್‌ಬಿಐಗೆ ಇದರ ಆತಂಕ ಮೊದಲೇ ಇತ್ತು. 2023ರ ನವೆಂಬರ್ 16ರಂದು ಇಂಥ ಗ್ರಾಹಕ ಸಾಲಗಳ ರಿಸ್ಕ್ ತೂಕವನ್ನು 100ರಿಂದ 125ಕ್ಕೆ ಏರಿಸಿತು. ಅಂದರೆ ಅದೇ ಸಾಲಕ್ಕೆ ಬ್ಯಾಂಕ್ ಜಾಸ್ತಿ ಬಂಡವಾಳ ಇಟ್ಟುಕೊಳ್ಳಬೇಕು.

ಹುಡುಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡು ನಿಮಿಷದಲ್ಲಿ ಸಾಲ ಕೊಡ್ತಾರೆ ಅಂತ ನಾನೇ ಹೊಗಳಿದ್ದು" ಅಂದ. ಟೀಚರ್ ಅವನ ಬೆನ್ನ ಮೇಲೆ ಕೈಯಿಟ್ಟು "ಇರ್ಲಿ ಮಗಾ, ನಾನೂ ಒಪ್ಪಿದ್ದೆ" ಎಂದರು.

ಆಗ ಟೀಚರ್ ಇನ್ನೊಂದು ಪ್ರಶ್ನೆ ಕೇಳಿದರು. "ಅಪ್ಪನ 79 ಷೇರು ಏನಾಯ್ತು?" ಡಿಮ್ಯಾಟ್, ಅಂದರೆ ಷೇರು ಇರುವ ಖಾತೆ, ತೆರೆದು ನೋಡಿದರೆ ಅದು 395 ಆಗಿತ್ತು. 2024ರ ಮೇಯಲ್ಲಿ ಕೆನರಾ ಬ್ಯಾಂಕ್ 10 ರೂಪಾಯಿಯ ಒಂದು ಷೇರನ್ನು 2 ರೂಪಾಯಿಯ ಐದಾಗಿ ಒಡೆದಿತ್ತು. ಬೆಲೆಯ ಕಥೆ ಇನ್ನೂ ದೊಡ್ಡದು. 2020ರಲ್ಲಿ 100ರ ಆಸುಪಾಸಿಗೆ ಇಳಿದಿದ್ದ ಹಳೆಯ ಷೇರು, ಒಡೆಯುವ ಮೊದಲು 500 ದಾಟಿತ್ತು. ಯಾರೂ ತಿರುಗಿ ನೋಡದ ಷೇರು. ಹುಡುಗ ಕೂಡಲೇ "ಕೆನರಾ ಕೂಡ 2022ರಲ್ಲಿ ಹೊಸ ಆ್ಯಪ್ ತಂದಿತ್ತಲ್ಲ?" ಅಂದ. ನಿಜ, ತಂದಿತ್ತು. ಆದರೆ 2020ರ ಮಾರ್ಚ್‌ಗೆ ಮುಗಿದ ವರ್ಷ, ವಿಲೀನಕ್ಕೆ ಮುಂಚೆ, ಕೆನರಾಕ್ಕೆ 2,236 ಕೋಟಿ ನಷ್ಟ ಆಗಿತ್ತು. 2024ರ ಮಾರ್ಚ್‌ಗೆ ಮುಗಿದ ವರ್ಷದ ಲಾಭ 14,554 ಕೋಟಿ. ಅಷ್ಟು ದೊಡ್ಡ ತಿರುವಿನ ಹಿಂದೆ ಮುಖ್ಯವಾಗಿ ಇದ್ದದ್ದು ಸುಸ್ತಿ ಸಾಲ ಇಳಿದದ್ದು. ಮತ್ತೆ, 2020ರಲ್ಲಿ ಆ ಷೇರಿನಿಂದ ಯಾರೂ ಏನನ್ನೂ ನಿರೀಕ್ಷೆ ಮಾಡಿರಲಿಲ್ಲ, ಬೆಲೆ ಅಷ್ಟು ಕೆಳಗಿತ್ತು.

ಬೆಲೆಯ ವಿಷಯ ಅಲ್ಲೇ ಸ್ಪಷ್ಟವಾಯಿತು. 2023ರ ಜುಲೈಯಲ್ಲಿ ಟೀಚರ್ ಕೊಂಡ ಷೇರಿನ ಬುಕ್ ವ್ಯಾಲ್ಯೂ (ಬ್ಯಾಂಕಿನಲ್ಲಿರುವ ಷೇರುದಾರರ ಹಣದಲ್ಲಿ ಒಂದು ಷೇರಿನ ಪಾಲು) 160, ಕೊಟ್ಟದ್ದು 240, ಅಂದರೆ ಒಂದೂವರೆ ಪಟ್ಟು. ಆ ಬ್ಯಾಂಕಿನಲ್ಲಿ ಸುಮಾರು 12 ರೂಪಾಯಿ ಆಸ್ತಿಗೆ 1 ರೂಪಾಯಿ ಷೇರುದಾರರ ಹಣ. ನೂರಕ್ಕೆ 1.05 ಲಾಭ ಎಂದರೆ ಷೇರುದಾರರ ನೂರಕ್ಕೆ 12.60. ಅದು ಹಾಗೇ ಮುಂದುವರಿಯುತ್ತದೆ, ಇನ್ನೂ ಏರುತ್ತದೆ ಎಂದು ಮಾರುಕಟ್ಟೆ ನಂಬಿದ ಬೆಲೆ ಅದು. ಲಾಭ ಮೂರು ಪಟ್ಟಾದ ಸುದ್ದಿ ಹುಡುಗನಿಗೆ ತಲುಪುವ ಮೊದಲೇ ಬೆಲೆಗೆ ತಲುಪಿತ್ತು.

ಅವತ್ತಿನ ವಾರದಲ್ಲಿ 2500ರಲ್ಲಿ 1500 ಷೇರನ್ನು 198ಕ್ಕೆ ಮಾರಿದರು. 2,97,000 ಬಂತು. ಉಳಿದ 1000 ಇಟ್ಟುಕೊಂಡರು. ಎಲ್ಲ ಮಾರಿ ಎಂದು ನಾನು ಒತ್ತಾಯ ಮಾಡಲಿಲ್ಲ. ಖರ್ಚು ಇಳಿಯುವ ದಿನ ಬರಲೂಬಹುದು, ಅದನ್ನು ಕಾಯುವ ತಾಳ್ಮೆ ಅವರಿಗಿದೆ.

2025ರ ಮಾರ್ಚ್‌ನ ಫಲಿತಾಂಶ ಬಂತು. ಬಡ್ಡಿಯಿಂದ 3.20, ಇತರ ಆದಾಯ 1.10, ಖರ್ಚು 2.70, ಪ್ರಾವಿಷನ್ ಮತ್ತೆ 1 ರೂಪಾಯಿಗೆ ಏರಿತ್ತು. ತೆರಿಗೆ ಕಳೆದು 45 ಪೈಸೆ. ಷೇರುದಾರರ ನೂರಕ್ಕೆ 5.40. ಟೀಚರ್ ಅವರ ಎಫ್‌ಡಿಗೇ ಅದಕ್ಕಿಂತ ಜಾಸ್ತಿ ಬಡ್ಡಿ ಇತ್ತು. ಡಿಜಿಟಲ್ ಪಾಲು ಮಾತ್ರ 94. ಷೇರು 165ಕ್ಕೆ ಬಂತು, ಬುಕ್ ವ್ಯಾಲ್ಯೂ 183ಕ್ಕಿಂತ ಕೆಳಗೆ. ಆ ದಿನದ ಲೆಕ್ಕಕ್ಕೆ ಒಟ್ಟು ನಷ್ಟ 1,38,000. ಏನೂ ಮಾಡದೆ ಕೂತಿದ್ದರೆ 1,87,500 ಆಗುತ್ತಿತ್ತು, ಎಫ್‌ಡಿ ಮುರಿದು ಕೊಂಡಿದ್ದರೆ ಅದರ ಮೇಲೆ ಇನ್ನೂ 64 ಸಾವಿರ.

ಬೇರೆಯವರು ಗಮನಿಸಬೇಕಾದದ್ದು

ಡಿಜಿಟಲ್‌ಗೂ ಷೇರಿಗೂ ಸಂಬಂಧವೇ ಇಲ್ಲ ಎಂದು ಈ ಪ್ರಕರಣದಿಂದ ತಿಳಿಯಬಾರದು. ಸಂಬಂಧ ಇದೆ, ಆದರೆ ಎರಡೂ ಕಡೆಗೆ ಒಂದೇ ರೀತಿ ಅಲ್ಲ. ಡಿಜಿಟಲ್ ಕೆಟ್ಟರೆ ಷೇರಿಗೆ ಏಟು ನೇರವಾಗಿ, ಒಂದೇ ದಿನದಲ್ಲಿ ಬೀಳುತ್ತದೆ. ಕೋಟಕ್‌ನಲ್ಲಿ ನೋಡಿದ್ದು ಅದನ್ನೇ. ಡಿಜಿಟಲ್ ಚೆನ್ನಾದರೆ ಅದು ಲಾಭದ ಮೂಲಕವೇ ಸುತ್ತಿಕೊಂಡು ಬರಬೇಕು, ವರ್ಷಗಟ್ಟಲೆ ಹಿಡಿಯುತ್ತದೆ. ಎಚ್‌ಡಿಎಫ್‌ಸಿ ಬ್ಯಾಂಕಿಗೆ 2020ರ ಡಿಸೆಂಬರ್‌ನಲ್ಲಿ ಆರ್‌ಬಿಐ ಹೊಸ ಡಿಜಿಟಲ್ ಯೋಜನೆಗಳನ್ನೂ ಹೊಸ ಕ್ರೆಡಿಟ್ ಕಾರ್ಡನ್ನೂ ತಡೆದಿತ್ತು. ನಿರ್ಬಂಧ ಪೂರ್ತಿ ತೆಗೆದದ್ದು 2022ರ ಮಾರ್ಚ್‌ನಲ್ಲಿ. ಆದರೂ 2021ರ ಮಾರ್ಚ್‌ಗೆ ಮುಗಿದ ವರ್ಷ ಅದರ ನಿವ್ವಳ ಲಾಭ 31,000 ಕೋಟಿ ದಾಟಿತು, ಯಾಕೆಂದರೆ ಠೇವಣಿ ಮತ್ತು ಸಾಲದ ಬುಡ ಗಟ್ಟಿಯಿತ್ತು. ಇನ್ನೊಂದು ತುದಿಗೆ ಯೆಸ್ ಬ್ಯಾಂಕ್. ಯುಪಿಐಯಲ್ಲಿ ಅದು ಬಹಳ ಮುಂದಿತ್ತು, ಫೋನ್‌ಪೇ ಅದರ ಮೇಲೇ ನಿಂತಿತ್ತು. 2020ರ ಮಾರ್ಚ್ 5ರಂದು ಅದರ ಮೇಲೆ ನಿರ್ಬಂಧ ಬಂದು, ಗ್ರಾಹಕರು 50,000ಕ್ಕಿಂತ ಜಾಸ್ತಿ ತೆಗೆಯದ ಹಾಗಾಯಿತು. ಫೋನ್‌ಪೇ ಕೂಡ ನಿಂತುಹೋಯಿತು. ತಂತ್ರಜ್ಞಾನದಲ್ಲಿ ಮುಂದಿದ್ದ ಬ್ಯಾಂಕನ್ನು ಕೊಟ್ಟ ಸಾಲಗಳು ಮುಳುಗಿಸಿದವು.

ನನ್ನ ಅಭಿಪ್ರಾಯ ಕೇಳಿದರೆ, ಬ್ಯಾಂಕಿನ ಡಿಜಿಟಲ್ ಪಾಲಿನ ಶೇಕಡಾವಾರು ಅಂಕಿಯನ್ನು ಹೂಡಿಕೆಗೆ ಆಧಾರ ಮಾಡಲೇಬಾರದು. ಎಲ್ಲ ಬ್ಯಾಂಕಿನಲ್ಲೂ ಅದು ಏರುತ್ತಿದೆ, ಏರಿಸಿದ್ದು ಯುಪಿಐ. ಪ್ರಾವಿಷನ್‌ಗೆ ಮುಂಚಿನ ಲಾಭವನ್ನು ನಾಲ್ಕು ವರ್ಷ ಸಾಲಾಗಿ ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಖರ್ಚಿನ ಪಾಲು, ಎಸ್‌ಬಿ ಮತ್ತು ಕರೆಂಟ್ ಖಾತೆಯ ಪಾಲು, ಅಡಮಾನವಿಲ್ಲದ ಸಾಲದ ಬೆಳವಣಿಗೆ. ಆ್ಯಪ್ ನಿಜವಾಗಿ ಕೆಲಸ ಮಾಡುತ್ತಿದ್ದರೆ ಈ ಸಾಲುಗಳಲ್ಲಿ ಎಲ್ಲೋ ಒಂದು ಕಡೆ ಕಾಣಿಸಿಕೊಳ್ಳುತ್ತದೆ. ಆ್ಯಪ್ ಎಷ್ಟು ಸಲ ನಿಲ್ಲುತ್ತದೆ ಎಂದು ತಿಳಿಯಬೇಕಾದರೆ, ಯುಪಿಐಯಲ್ಲಿ ಯಾವ ಬ್ಯಾಂಕಿನ ಎಷ್ಟು ವ್ಯವಹಾರ ತಾಂತ್ರಿಕ ಕಾರಣದಿಂದ ಬಿದ್ದುಹೋಯಿತು ಅನ್ನುವುದನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಪ್ಲೇ ಸ್ಟೋರಿನ ನಕ್ಷತ್ರಗಳಿಗಿಂತ ಅದು ಎಷ್ಟೋ ನಂಬಿಕೆಗೆ ಯೋಗ್ಯ.

ತೆರಿಗೆಯ ಒಂದು ಮಾತು, ಹಲವರು ಬಿಟ್ಟುಬಿಡುತ್ತಾರೆ. ಮಾರಿದ 1500 ಷೇರು ಒಂದು ವರ್ಷ ದಾಟಿದ್ದರಿಂದ ಆ 63,000 ದೀರ್ಘಾವಧಿ ನಷ್ಟ. ಇನ್ನೊಂದು ದೀರ್ಘಾವಧಿ ಲಾಭದ ಎದುರು ಅದನ್ನು ಕಳೆಯಬಹುದು, ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಆದರೆ ರಿಟರ್ನನ್ನು ಗಡುವಿನ ಒಳಗೆ ಹಾಕಿರಬೇಕು. ಟೀಚರ್‌ದ್ದು ಹಾಕಿದ್ದೇವೆ.

ಉಳಿದ 1000 ಷೇರು ಇನ್ನೂ ಅವರ ಹತ್ತಿರವೇ ಇದೆ. ಈ ವರ್ಷದ ವಾರ್ಷಿಕ ವರದಿ ಬಂದ ದಿನ ಹುಡುಗ ಮಂಗಳೂರಿನಿಂದ ಅವರಿಗೆ ಒಂದು ಫೋಟೊ ಕಳಿಸಿದ. ಆ್ಯಪ್‌ನದ್ದಲ್ಲ, ಅನುಸೂಚಿ 16ರದ್ದು. ಹನ್ನೆರಡನೇ ಸಾಲಿಗೆ ಪೆನ್ನಿನಿಂದ ಸುತ್ತು ಹಾಕಿದ್ದ. ಅದರ ಕೆಳಗೆ "ಚಿಕ್ಕಮ್ಮ, ಇದು ಈ ಸಲ ಬೆಳೆಯಲಿಲ್ಲ. ಸಂಬಳದ ಸಾಲು ನೋಡಿ ಹೇಳ್ತೇನೆ" ಎಂದು ಬರೆದಿದ್ದ. ಟೀಚರ್ ಅದನ್ನು ನನಗೆ ಕಳಿಸಿ, ಮುಂದಿನ ಭಾನುವಾರ ಬಿಡುವು ಉಂಟಾ ಎಂದು ಕೇಳಿದ್ದಾರೆ.